ಸೋರುವ ಮಾಳಿಗೆಯೂ ಮಿಡಿವ ಗಿಟಾರೂ

ಕಳೆದ ಆಷಾಢದ ಒಂದು ಸಂಜೆ. ಪಾಠದ ಸಂದೇಹ ಕೇಳಲೆಂದು ಶ್ರೀರಾಂಪುರದ ನಮ್ಮ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಮಳೆ ನಿಲ್ಲುವವರೆಗೆ ಕುಳಿತು, ತನ್ನ ಮೊಬೈಲಿನಲ್ಲಿ ಎರಡು ಹಾಡುಗಳನ್ನು ಕೇಳಿಸಿದ. ಮೊದಲನೆಯದು ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ್ದು. ಎರಡನೆಯದು ನಮ್ಮ ಶಿಶುನಾಳ ಶರೀಫರದು! "ಎರಡರಲ್ಲಿಯೂ ಒಂದೇ ಬಗೆಯ ಕತ್ತಲೆಯಿದೆ, ಅಲ್ಲವೆ ಸಾರ್?" ಎಂದ. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಇಂಗ್ಲೆಂಡಿನ ಆ ಕತ್ತಲೆಯ ಕಥೆ ಇಷ್ಟು. 1970ರ ದಶಕದ ಕೊನೆಯಲ್ಲಿ 'ಪಂಕ್' ಎಂಬ ಅಬ್ಬರದ ಸಂಗೀತದ ಬೆನ್ನಿಗೇ 'ಪೋಸ್ಟ್-ಪಂಕ್' ಬಂದಿತು. ಅದರಲ್ಲಿ ಸಾವು, ಒಂಟಿತನ, ಭೀತಿಗಳ ಛಾಯೆಯನ್ನು ನೆಚ್ಚಿದ ಕವಲೇ 'ಗಾಥಿಕ್ ರಾಕ್'. ಜಾಯ್ ಡಿವಿಷನ್ನಿನ ಚೊಚ್ಚಲ ಧ್ವನಿಮುದ್ರಿಕೆ 'ಅನ್‌ನೋನ್ ಪ್ಲೆಷರ್ಸ್' 1979ರಲ್ಲಿಯೂ, ಬೌಹೌಸ್ ತಂಡದ 'ಇನ್ ದಿ ಫ್ಲಾಟ್ ಫೀಲ್ಡ್' 1980ರಲ್ಲಿಯೂ ಹೊರಬಂದವು. ಜಾಯ್ ಡಿವಿಷನ್ನಿನ ಗಾಯಕ ಇಯಾನ್ ಕರ್ಟಿಸ್ 1980ರ ಮೇ ತಿಂಗಳಿನಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ, ತನ್ನ ಬಾಳನ್ನು ತಾನೇ ಮುಗಿಸಿಕೊಂಡ.

ಹುಡುಗ ಕೇಳಿಸಿದ ಎರಡನೆಯ ಹಾಡು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಚೊಚ್ಚಲ ಧ್ವನಿಮುದ್ರಿಕೆಯದು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. ಗಿಟಾರು ಕೈಗೆ ಬಂದುದು ಸಹಪಾಠಿಯೊಬ್ಬನೊಡನೆ ಕಟ್ಟಿದ ಪಂಥದಿಂದ! 'ಅಂತರಾಗ್ನಿ' ಎಂಬ ತಂಡ ಕಟ್ಟಿದರೂ ಧ್ವನಿಮುದ್ರಣ ಕಂಪನಿಗಳ ಕೃಪೆ ವರ್ಷಗಟ್ಟಲೆ ದೊರೆಯಲಿಲ್ಲ. ಕಡೆಗೆ 2008ರಲ್ಲಿ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ತಮ್ಮ ಸಂಸ್ಥೆಯಿಂದ ಅದನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಅಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೊ' ಇದೆ, 'ಸೋರುತಿಹುದು ಮನೆಯ ಮಾಳಿಗಿ' ಇದೆ. 2010ರಲ್ಲಿ ಈ ತಂಡ ಲಂಡನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿಯೂ ಹಾಡಿತು.

ತತ್ತ್ವಪದಕ್ಕೆ ಗಿಟಾರೇ ಎಂದು ಮೊದಮೊದಲು ನಾನೂ ಮೂಗು ಮುರಿದವನೇ. ಭಜನೆಯ ಪದ ನಿಧಾನವಾಗಿ ಮನಸ್ಸಿಗಿಳಿಯಬೇಕು. ಸಾವಿರ ಜನರ ಚಪ್ಪಾಳೆಯಲ್ಲಿ ಅರ್ಥ ಕೊಚ್ಚಿಹೋಗುವ ಭಯ ಇಂದಿಗೂ ನನಗಿದೆ. ಆದರೆ ಸಿ. ಅಶ್ವಥ್ ಅವರೂ ವಾದ್ಯವೃಂದದೊಡನೆ ಹಾಡಿಯೇ ಅಲ್ಲವೆ ಶರೀಫರನ್ನು ಮನೆಮನೆಗೆ ಮುಟ್ಟಿಸಿದುದು? ಅವರ ಸಂಗೀತವಿದ್ದ, ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರ ಬಂದುದು 1990ರಲ್ಲಿ. ನನ್ನೆದುರು ಕುಳಿತ ಹುಡುಗ ಆಗಿನ್ನೂ ಹುಟ್ಟಿರಲಿಲ್ಲ. ಅವನಿಗೆ ಶರೀಫರ ಪರಿಚಯವಾದುದು ಗಿಟಾರಿನ ಮೂಲಕವೇ.

"ಮಾಳಿಗೆ ಎಂದರೇನಪ್ಪ?" ಎಂದು ಕೇಳಿದೆ.

"ಮೇಲಿನ ಅಂತಸ್ತು, ಸಾರ್."

ಮೈಸೂರಿನವರಿಗೆ ಹಾಗೆಯೇ. ಧಾರವಾಡದ ಕಡೆಯಾದರೋ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿಯೇ ಮಾಳಿಗೆ. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಹೊಸ ಮಣ್ಣು ಹಾಕಿ ಗಟ್ಟಿಮಾಡದಿದ್ದರೆ ಅದು ಸೋರದೆ ಇರದು. 1819ರಿಂದ 1889ರವರೆಗೆ ಬಾಳಿದ ಶರೀಫರಿಗೆ ಇದು ನಿತ್ಯದ ಅನುಭವ. ಮನೆಯ ನೆಪದಲ್ಲಿ ಅವರು ಹೇಳಿದುದು ನಮ್ಮ ಬಾಳಿನ ಮಾತು. ಸೋರಿಕೆಗೆ ಅವರು ಕೊಟ್ಟ ಕಾರಣ ಅಜ್ಞಾನ.

ಹುಡುಗನ ಪ್ರಶ್ನೆಗೆ ಉತ್ತರ ದೊರೆತುದು ಅಲ್ಲಿಯೇ. "ಕತ್ತಲೆ ಎರಡರಲ್ಲಿಯೂ ಉಂಟು. ಇಂಗ್ಲೆಂಡಿನವನು ಆ ಕತ್ತಲೆಯೊಳಗೇ ಕುಳಿತು ಹಾಡುತ್ತಾನೆ. ಅದೂ ಸುಳ್ಳಲ್ಲ, ನೊಂದವನಿಗೆ ಜೊತೆಯಾದೀತು. ಶರೀಫರು ಮಾತ್ರ ಸೋರುವುದೇಕೆಂದು ಹೇಳುತ್ತಾರೆ. ಕಾರಣ ತಿಳಿದ ಮೇಲೆ ಮಾಳಿಗೆ ಹತ್ತಬಹುದು" ಎಂದೆ.

ಅವನು ಮತ್ತೊಮ್ಮೆ ಹಾಡು ಹಾಕಿದ. ಈ ಸಲ ಇಬ್ಬರೂ ಮಾತಾಡದೆ ಕೇಳಿದೆವು. ಮಳೆ ನಿಂತಿತು. ಶರೀಫರ ಪದಗಳ ನನ್ನ ಹಳೆಯ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಹೊರಟ. ಇನ್ನೂ ಹಿಂದಿರುಗಿಸಿಲ್ಲ, ನಾನೂ ಕೇಳಿಲ್ಲ.