'ಯುಐ': ಎಚ್ಚರಿಕೆ ಜೋರು, ಕಥೆಗೆ ಮನೆ-ಮನುಷ್ಯರ ಕೊರತೆ

ಕಾಸರಗೋಡು: ಬುದ್ಧಿವಂತರು ಎದ್ದು ಹೋಗಬಹುದು, ದಡ್ಡರು ಕೂತು ನೋಡಬಹುದು! ಟಿಕೆಟ್ ಕೊಟ್ಟು ಬಂದ ಪ್ರೇಕ್ಷಕರಿಗೆ ಹೀಗೆ ಹೇಳಿ ಸಿನಿಮಾ ಶುರು ಮಾಡುವ ಧೈರ್ಯ ಇರುವುದು ಉಪೇಂದ್ರ ಅವರಿಗೆ ಮಾತ್ರ. 2024ರ ಡಿಸೆಂಬರ್ 20ರಂದು ತೆರೆ ಕಂಡ 'ಯುಐ' ಈ ಧಾಟಿಯಲ್ಲೇ ಆರಂಭವಾಗುತ್ತದೆ. 'ಉಪ್ಪಿ 2' (2015) ಬಳಿಕ ಒಂಬತ್ತು ವರ್ಷ ಬಿಟ್ಟು ಅವರು ನಿರ್ದೇಶಿಸಿದ ಚಿತ್ರ ಇದು.

ಅದೇ ದಿನ ಕೇರಳದಲ್ಲಿ ಉಣ್ಣಿ ಮುಕುಂದನ್ ಅವರ 'ಮಾರ್ಕೊ' ಬಿಡುಗಡೆಯಾಯಿತು. ಕನ್ನಡ ಸಿನಿಮಾ ನೋಡಲು ಮಂಜೇಶ್ವರ, ಕುಂಬಳೆಯವರು ತಲಪಾಡಿ ದಾಟಿ ಮಂಗಳೂರಿಗೆ, ಪೆರ್ಲದವರು ಪುತ್ತೂರಿಗೆ ಬಸ್ ಹತ್ತುವುದು ಗಡಿನಾಡಿಗೆ ಹೊಸದಲ್ಲ. ಹಾಗೆ ಖರ್ಚು ಮಾಡಿ ನೋಡುವವರಿಗೆ ಈ ಚಿತ್ರದಲ್ಲಿ ಸಿಗುವುದೇನು, ಸಿಗದಿರುವುದೇನು?

ಕಥೆ ಎಂತದ್ದು?

'ಕಥೆ ಎಂತ ಮಾರಾಯ್ರೇ?' ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಸಿನಿಮಾದೊಳಗೇ ಒಂದು ಸಿನಿಮಾ. ಅದನ್ನು ನೋಡಿದ ಜನ ತಲೆ ಕೆಡಿಸಿಕೊಳ್ಳುತ್ತಾರೆ. ವಿಮರ್ಶೆ ಬರೆಯಲಾಗದ ವಿಮರ್ಶಕ (ಮುರಳಿ ಶರ್ಮ) ಮೂಲ ಕಥೆ ಹುಡುಕಿಕೊಂಡು ಹೊರಡುತ್ತಾನೆ. ಆ ಕಥೆಯಲ್ಲಿ ಸತ್ಯ ಮತ್ತು ಕಲ್ಕಿ ಎಂಬ ಇಬ್ಬರು, ಎರಡೂ ಪಾತ್ರ ಉಪೇಂದ್ರ ಅವರದ್ದೇ. ಸತ್ಯ ಒಳ್ಳೆಯದನ್ನು ಬಯಸುವವನು. ಅವನ ಜಾಗ ಹಿಡಿಯುವ ಕಲ್ಕಿ ಜನರ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡು ಆಳುತ್ತಾನೆ.

ಬಿಡುಗಡೆಗೆ ಮೊದಲು ಬಂದ 'ವಾರ್ನರ್' ತುಣುಕು 2040ರ ಜಗತ್ತನ್ನು ತೋರಿಸಿತ್ತು. ಏರಿದ ತಾಪಮಾನ, ಮಹಾಮಾರಿ, ಬೆಲೆಯೇರಿಕೆ, ಕೃತಕ ಬುದ್ಧಿಮತ್ತೆ, ನಿರುದ್ಯೋಗ, ಯುದ್ಧ ಇವೆಲ್ಲ ಸೇರಿ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತವೆ ಎಂಬುದೇ ಅದರ ಎಚ್ಚರಿಕೆ. ಇದೇ ಉಪೇಂದ್ರ 2010ರ 'ಸೂಪರ್'ನಲ್ಲಿ 2030ರ ಸಮೃದ್ಧ ಭಾರತದ ಕನಸು ಕಟ್ಟಿದ್ದರು. ಎರಡನ್ನೂ ನೋಡಿದವರಿಗೆ ಕನಸು ಎಷ್ಟು ಬೇಗ ಕಪ್ಪಾಯಿತು ಎಂಬುದು ತಿಳಿಯುತ್ತದೆ.

ಮೆಚ್ಚಬೇಕಾದ್ದು

ಪ್ರೇಕ್ಷಕನನ್ನೇ ಆರೋಪಿ ಸ್ಥಾನದಲ್ಲಿ ನಿಲ್ಲಿಸುವುದು ಚಿತ್ರದ ದೊಡ್ಡ ಬಲ. ತಪ್ಪು ರಾಜಕಾರಣಿಯದ್ದು ಮಾತ್ರವಲ್ಲ, ಜಾತಿ ನೋಡಿ ಮತ ಹಾಕಿ, ಮೊಬೈಲ್ ಒತ್ತುತ್ತಾ ಕುಳಿತವನದ್ದೂ ಹೌದು ಎಂಬುದನ್ನು ಮುಲಾಜಿಲ್ಲದೆ ಹೇಳುತ್ತದೆ. ಎಚ್.ಸಿ. ವೇಣು ಛಾಯಾಗ್ರಹಣ, ಬೃಹತ್ ಸೆಟ್‌ಗಳು ಕಣ್ಣು ತುಂಬುತ್ತವೆ. ಅಜನೀಶ್ ಲೋಕನಾಥ್ ಸಂಗೀತದ 'ಟ್ರೋಲ್' ಹಾಡು ನಗಿಸುತ್ತಲೇ ಕುಟುಕುತ್ತದೆ.

ಎಡವಿದ್ದೆಲ್ಲಿ?

ಹೇಳಬೇಕಾದ್ದು ಹತ್ತು, ಇರುವುದು ಎರಡು ಗಂಟೆ ಚಿಲ್ಲರೆ. ಒಂದು ವಿಷಯ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ಹೊಡೆದಾಟಕ್ಕೆ ಅಬ್ಬರವಿದೆ, ನೋವಿಲ್ಲ. ಪೆಟ್ಟು ತಿಂದವನ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತೇ ಇಲ್ಲದಿದ್ದರೆ ನೋಡುವವನಿಗೆ ಮರುಕ ಬರುವುದು ಹೇಗೆ? ದೌರ್ಜನ್ಯಕ್ಕೊಳಗಾದ ತಾಯಿ ಇಲ್ಲಿ ಪ್ರಕೃತಿಯ ಸಂಕೇತ. ಆದರೆ ಸಂಕೇತವಾಗಿಯೇ ಉಳಿಯುತ್ತಾಳೆ, ಹೆಣ್ಣಾಗಿ ಮಾತಾಡುವುದಿಲ್ಲ. ನಾಯಕಿ ರೀಷ್ಮಾ ನಾಣಯ್ಯ ಅವರಿಗೂ ಹೆಚ್ಚಿನ ಕೆಲಸವಿಲ್ಲ.

ಈ ಕೊರತೆ ಕಾಸರಗೋಡಿನವರಿಗೆ ಬೇಗ ಕಣ್ಣಿಗೆ ಬೀಳುತ್ತದೆ. ಪ್ರಕೃತಿ ಕೆಟ್ಟರೆ ಮನುಷ್ಯನಿಗೆ ಏನಾಗುತ್ತದೆ ಎಂದು ತಿಳಿಯಲು ಇಲ್ಲಿಯವರು 2040ರವರೆಗೆ ಕಾಯಬೇಕಾಗಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಬುಡದಲ್ಲಿ ಮನೆ, ಬಾವಿ, ಸುರಂಗದ ನೀರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿ ಎತ್ತದಿದ್ದರೆ ಆ ಮಕ್ಕಳ ಕಾಯಿಲೆ ಹೊರಜಗತ್ತಿಗೆ ತಿಳಿಯುತ್ತಿತ್ತೋ ಇಲ್ಲವೋ. ಸುಪ್ರೀಂ ಕೋರ್ಟ್ 2011ರಲ್ಲಿ ದೇಶಾದ್ಯಂತ ತಡೆ ನೀಡಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಪರಿಹಾರಕ್ಕೆ ಆದೇಶಿಸಿತು. ಅತ್ಯಂತ ಹೆಚ್ಚು ನೊಂದ ಊರುಗಳಲ್ಲಿ ಒಂದರ ಹೆಸರು 'ಸ್ವರ್ಗ'. ಇಂಥ ವ್ಯಂಗ್ಯ ಯಾವ ಚಿತ್ರಕಥೆಗಾರನಿಗೂ ಹೊಳೆಯಲಿಕ್ಕಿಲ್ಲ.

ಇದೇ ನೋವನ್ನು ಡಾ. ಬಿಜು 2015ರ ಮಲಯಾಳ ಚಿತ್ರ 'ವಲಿಯ ಚಿರಕುಳ್ಳ ಪಕ್ಷಿಗಳ್'ನಲ್ಲಿ ತೋರಿಸಿದರು. ಪರಿಸರ ಕುರಿತ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹೊಡೆದಾಟವಿಲ್ಲ, ಭಾರೀ ಸೆಟ್ ಇಲ್ಲ. ಒಬ್ಬ ಛಾಯಾಗ್ರಾಹಕ, ಅವನ ಕಣ್ಣೆದುರು ಹಾಸಿಗೆ ಹಿಡಿದ ಮಕ್ಕಳು, ಅಷ್ಟೇ. 'ಯುಐ' ಜಗತ್ತನ್ನೆಲ್ಲ ತೋರಿಸುತ್ತದೆ, ಆ ಚಿತ್ರ ಒಂದು ಮನೆಯ ಜಗಲಿ ತೋರಿಸುತ್ತದೆ. ಮನಸ್ಸಿನಲ್ಲಿ ಉಳಿಯುವುದು ಜಗಲಿಯೇ.

ಹಾಗಂತ 'ಯುಐ' ನೋಡಬಾರದು ಅಂತಲ್ಲ. ಭವಿಷ್ಯದ ಬಗ್ಗೆ ಇಷ್ಟು ಸಿಟ್ಟಿನಿಂದ ಮಾತಾಡುವ ಕನ್ನಡ ಸಿನಿಮಾಗಳು ಕಡಿಮೆ. ಪಿಯುಸಿ, ಡಿಗ್ರಿ ಓದುವ ಮಕ್ಕಳಿದ್ದರೆ ಜೊತೆಗೆ ಕೂತು ನೋಡಬಹುದು. ಮುಗಿದ ಮೇಲೆ ಎಣ್ಮಕಜೆಯ ಕಥೆಯನ್ನೂ ಹಿರಿಯರು ಅವರಿಗೆ ಹೇಳಿದರೆ, ಸಿನಿಮಾ ಹೇಳದೆ ಬಿಟ್ಟದ್ದು ಅವರಿಗೆ ಅರ್ಥವಾದೀತು.