ಬೆಂಗಳೂರು ಕೊಟ್ಟ ಖಾನನಿಗೆ ದೊಡ್ಡೇರಿಯಲ್ಲಿ ಅನ್ನವಿರಲಿಲ್ಲ

ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ ಸಂಜೆ ಹೊತ್ತು ನಿಂತರೆ ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ ಬೋರ್ಡಿನ ಬಸ್ಸುಗಳು ಒಂದರ ಬೆನ್ನಿಗೊಂದು ಬರುತ್ತವೆ. ಚಿಕ್ಕಂದಿನಿಂದ ಓದಿದ ಬೋರ್ಡುಗಳು. ಚಳ್ಳಕೆರೆ ಎಂದರೆ ಎಣ್ಣೆ ಗಿರಣಿ ಮತ್ತು ಕಂಬಳಿ, ಶಿರಾ ಎಂದರೆ ಬಸ್ಸು ಊಟಕ್ಕೆ ನಿಲ್ಲುವ ಊರು. ನನಗೆ ಗೊತ್ತಿದ್ದದ್ದು ಅಷ್ಟೇ. ಜದುನಾಥ ಸರ್ಕಾರರು ಬರೆದ ಔರಂಗಜೇಬನ ಚರಿತ್ರೆಯಲ್ಲಿ ಚಳ್ಳಕೆರೆ ಸೀಮೆಯ ದೊಡ್ಡೇರಿಯ ಹೆಸರು ಸಿಕ್ಕ ದಿನದಿಂದ ಆ ಬೋರ್ಡು ಕಂಡಾಗಲೆಲ್ಲ ಒಬ್ಬ ಮೊಗಲ ದಂಡನಾಯಕ ನೆನಪಾಗುತ್ತಾನೆ. ಹೆಸರು ಖಾಸಿಂ ಖಾನ್.

ಅವನು ನಮ್ಮ ಕಡೆಗೆ ಬಂದದ್ದು ಬಿಜಾಪುರ ಬಿದ್ದ ಮೇಲೆ. 1686ರಲ್ಲಿ ಅಲ್ಲಿನ ಆದಿಲಶಾಹಿ ಔರಂಗಜೇಬನ ಕೈಯಲ್ಲಿ ಮುಗಿಯಿತು. ಬೆಂಗಳೂರು ಆಗ ಶಹಾಜಿಯ ಮಗ ಏಕೋಜಿಯ ಕೈಯಲ್ಲಿತ್ತು. ಸುಮಾರು ಐವತ್ತು ವರ್ಷ ಹಿಂದೆ ಬಿಜಾಪುರದ ರಣದುಲ್ಲಾ ಖಾನ್ ಕೆಂಪೇಗೌಡರ ವಂಶದವರಿಂದ ಕಸಿದು, ಶಹಾಜಿಗೆ ಜಹಗೀರಾಗಿ ಸಂದ ಊರು ಅದು. ತಂಜಾವೂರಿನಲ್ಲಿ ನೆಲೆಯೂರಿದ್ದ ಏಕೋಜಿಗೆ ಇಷ್ಟು ದೂರದ ಊರು ಭಾರವಾಗಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಜೊತೆ ಮೂರು ಲಕ್ಷ ರೂಪಾಯಿಗೆ ಮಾತು ನಡೆಯುತ್ತಿತ್ತು. ಅಷ್ಟರಲ್ಲಿ, 1687ರ ಜುಲೈನಲ್ಲಿ, ಖಾಸಿಂ ಖಾನ್ ದೌಡಾಯಿಸಿ ಬಂದು ಕೋಟೆಯ ಮೇಲೆ ಮೊಗಲರ ಬಾವುಟ ಏರಿಸಿಬಿಟ್ಟ. ಬಹಳ ದಿನ ಇಟ್ಟುಕೊಳ್ಳಲಿಲ್ಲ. ಅದೇ ಮೂರು ಲಕ್ಷಕ್ಕೆ ಚಿಕ್ಕದೇವರಾಜರಿಗೇ ಬಿಟ್ಟುಕೊಟ್ಟ. ಮಾರಿದ ಎನ್ನುವವರಿದ್ದಾರೆ, ಗುತ್ತಿಗೆಗೆ ಕೊಟ್ಟ ಎನ್ನುವವರೂ ಇದ್ದಾರೆ. ಹೇಗೇ ಇರಲಿ, ಬೆಂಗಳೂರು ಮೈಸೂರಿನದಾದದ್ದು ಅವನ ಕೈಯಿಂದ. ಕೋಟೆ ವೆಂಕಟರಮಣನ ಗುಡಿಯನ್ನು ಚಿಕ್ಕದೇವರಾಜರು ಕಟ್ಟಿಸಿದ್ದು ಇದಾದ ಮೇಲೆಯೇ.

ಖಾನ್ ನೆಲೆ ನಿಂತದ್ದು ಶಿರಾದಲ್ಲಿ, ಹೊಸ ಸುಬೆಯ ಫೌಜದಾರನಾಗಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂದು ಏಳು ಪರಗಣೆ. ಅವುಗಳಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ, ಇಂದು ನಮ್ಮ ಜಿಲ್ಲೆಯಲ್ಲಿರುವ ಈ ಎರಡು ತಾಲ್ಲೂಕು ಕೇಂದ್ರಗಳು ಶಿರಾಕ್ಕೆ ಲೆಕ್ಕ ಒಪ್ಪಿಸುತ್ತಿದ್ದ ಕಾಲವಿತ್ತು ಎಂಬುದೇ ನಮಗೆ ಮರೆತುಹೋಗಿದೆ. ಮುಂದಿನ ಕೆಲವು ವರ್ಷ ಪಾಳೆಯಗಾರರಿಂದ ಪೇಷ್ಕಷ್ ಎಂಬ ಕಪ್ಪದ ವಸೂಲಿ, ದಂಡಯಾತ್ರೆ, ಮತ್ತೆ ವಸೂಲಿ.

1695ರ ನವೆಂಬರಿನಲ್ಲಿ ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆ ಕೊಳ್ಳೆ ಹೊತ್ತು ಈ ಸೀಮೆ ಹಾದು ಹೋಗುತ್ತಿದ್ದ. ಅವನನ್ನು ಅಡ್ಡಗಟ್ಟಲು ಬಾದಶಹ ಔರಂಗಜೇಬ ಖಾನಾಜಾದ್ ಖಾನ್ ಎಂಬ ದೊಡ್ಡ ಮನೆತನದ ಸರದಾರನನ್ನು ಕಳಿಸಿದ. ಆಸ್ಥಾನದ ಅತಿಥಿ! ಖಾಸಿಂ ಖಾನ್ ಸತ್ಕಾರಕ್ಕೆ ನಿಂತ. ಅದವಾನಿಯಿಂದ ಒಳ್ಳೆಯ ಡೇರೆಗಳನ್ನು ತರಿಸಿದ. ಬಂಗಾರ, ಬೆಳ್ಳಿ, ಚೀನೀ ಪಿಂಗಾಣಿಯ ಪಾತ್ರೆಗಳನ್ನು ತರಿಸಿ, ಎಲ್ಲವನ್ನೂ ಮುಂದಿನ ಮಜಲಿಗೆ ಮುಂಚಿತವಾಗಿ ಕಳಿಸಿದ. ಸಂತಾಜಿ ತನ್ನ ದಂಡನ್ನು ಮೂರು ಪಾಲು ಮಾಡಿ, ಒಂದನ್ನು ನೇರ ಆ ಡೇರೆಗಳ ಮೇಲೆ ಬಿಟ್ಟ. ಸುದ್ದಿ ಬಂದಾಗ ಅತಿಥಿ ಇನ್ನೂ ನಿದ್ದೆಯಲ್ಲಿದ್ದ. ಖಾಸಿಂ ಖಾನ್ ಅವನನ್ನು ಎಬ್ಬಿಸದೆ ತಾನೇ ಕುದುರೆ ಹತ್ತಿ ಹೊರಟ. ಈ ಒಂದು ವಿವರ ಓದಿದಾಗ ನನಗೆ ಆ ಮನುಷ್ಯನ ಮೇಲೆ ಮನಸ್ಸು ಕರಗಿತು. ಮನೆಗೆ ಬಂದವರ ನಿದ್ದೆ ಕೆಡಿಸಬಾರದೆಂದು ಒಬ್ಬನೇ ಎದ್ದು ಹೋಗುವ ಯಜಮಾನ ನಮಗೆ ಹೊಸಬನಲ್ಲ.

ಚಿತ್ರದುರ್ಗದ ಭರಮಣ್ಣ ನಾಯಕ ಸಂತಾಜಿಯ ಕಡೆ ನಿಂತ. ಅವನ ಕೋವಿಯ ಕಾಲಾಳುಗಳ ಹೊಡೆತಕ್ಕೆ ಮೊಗಲರು ಹಿಂಜರಿಯುತ್ತ ದೊಡ್ಡೇರಿಯ ಪುಟ್ಟ ಕೋಟೆಗೆ ಬಂದರು. ಕೋಟೆಯವರು ಬಾಗಿಲು ಹಾಕಿಕೊಂಡರು. ಆದರೂ ಸರದಾರರಿಗೆ ಒಳಗೆ ಜಾಗ ಸಿಕ್ಕಿತು, ಸಾವಿರಾರು ಸಿಪಾಯಿಗಳು ಗೋಡೆಯ ಹೊರಗೇ ಉಳಿದರು. ಮೊದಲ ದಿನ ಕಣಜದ ಜೋಳ, ಸಜ್ಜೆಯ ರೊಟ್ಟಿ. ದನಕರುಗಳಿಗೆ ಗುಡಿಸಲ ಮಾಡಿನಿಂದ ಕಿತ್ತ ಹುಲ್ಲು. ಆಮೇಲೆ ಅದೂ ಇಲ್ಲ. ಹಸಿದ ಕುದುರೆಗಳು ಒಂದರ ಬಾಲವನ್ನೊಂದು ಜಗಿದವು. ಭಾರ ಹೊರುವ ಒಂಟೆಗಳನ್ನು ಕಡಿದು ತಿಂದರು.

ಖಾಸಿಂ ಖಾನ್ ಅಲ್ಲೇ ಸತ್ತ. ಹೇಗೆ ಎಂಬುದರಲ್ಲಿ ಜಗಳವಿದೆ. ಅಫೀಮಿನ ಚಟದವನು, ಮೂರನೆಯ ದಿನ ಅದು ಸಿಗದೆ ಪ್ರಾಣ ಹೋಯಿತು ಎಂದು ಒಂದು ಮಾತು. ಮಾನ ಹೋದೀತೆಂದು ವಿಷ ತೆಗೆದುಕೊಂಡ ಎಂದು ಇನ್ನೊಂದು. ನಾನು ಎರಡನೆಯದನ್ನೇ ನಂಬುತ್ತೇನೆ. ಆ ಬೆಳ್ಳಿ ಪಾತ್ರೆಗಳಲ್ಲಿ ಉಣಬಡಿಸಬೇಕೆಂದಿದ್ದ ಅತಿಥಿಗೆ ಜೋಳದ ರೊಟ್ಟಿಯೂ ಮುಗಿಯಿತೆಂದು ಹೇಳಬೇಕಾಗಿ ಬಂದವನು ಅವನು. ಉಳಿದವರು ಆನೆ, ಕುದುರೆ, ಒಡವೆ, ಲಕ್ಷಗಟ್ಟಲೆ ಹಣ ಒಪ್ಪಿಸಿ ಹೊರಬಂದಾಗ ಸಂತಾಜಿಯ ಕಡೆಯವರೇ ಅವರಿಗೆ ರೊಟ್ಟಿ, ನೀರು ಕೊಟ್ಟರು.

ಯುರೋಪಿನಲ್ಲಿ ಅದೇ ಶತಮಾನದ ಸೇನಾನಿ ವಾಲೆನ್‌ಸ್ಟೈನ್ 1634ರಲ್ಲಿ ಕೊಲೆಯಾದ. ಷಿಲ್ಲರ್ ಅವನ ಮೇಲೆ ಮೂರು ನಾಟಕ ಬರೆದ. ನಮ್ಮಲ್ಲಿ ಚಿತ್ರದುರ್ಗದ ಕೊನೆಯ ಮದಕರಿ ನಾಯಕನಿಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಇದೆ. ಖಾಸಿಂ ಖಾನನಿಗೆ ಏನೂ ಇಲ್ಲ. ಬೆಂಗಳೂರಿನ ಕಥೆ ಹೇಳುವವರು ಅವನಿಗೆ ಒಂದು ಸಾಲು ಕೊಡುತ್ತಾರೆ. ಸಂತಾಜಿಯ ಕಥೆ ಹೇಳುವವರು ಸೋತವನೆಂದು ಇನ್ನೊಂದು ಸಾಲು ಕೊಡುತ್ತಾರೆ. ಎರಡೂ ಒಬ್ಬನೇ ಮನುಷ್ಯ ಎಂದು ಜೋಡಿಸಿ ಹೇಳುವವರನ್ನು ನಾನು ಕಂಡಿಲ್ಲ. ಅದು ನನಗೆ ಸಂಕಟದ ವಿಷಯ.

ಅವನ ಸಾವಿನಿಂದ ನಿಜಕ್ಕೂ ನಷ್ಟವಾದದ್ದು ಚಿಕ್ಕದೇವರಾಜರಿಗೆ. ಮೊಗಲರ ಹತ್ತಿರ ತಮಗಾಗಿ ಮಾತಾಡುವವನು ಹೋಗಿದ್ದ. 1699ರಲ್ಲಿ ಅವರು ಕರಣಿಕ ಲಿಂಗಣ್ಣಯ್ಯನನ್ನು ಔರಂಗಜೇಬನ ಬಳಿಗೆ ರಾಯಭಾರ ಕಳಿಸಬೇಕಾಯಿತು. ಇನ್ನು ದೊಡ್ಡೇರಿ ಕೋಟೆಯ ಬಾಗಿಲ ಹೊರಗೆ ಉಳಿದ ಸಿಪಾಯಿಗಳ ಪೈಕಿ ಎಷ್ಟು ಜನ ಊರು ಸೇರಿದರೆಂದು ಬರೆದಿಟ್ಟವರಿಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ ಪರಗಣೆಯ ಹುಡುಗರೂ ಅವರಲ್ಲಿ ಇದ್ದಿರಬಹುದು ಅನ್ನಿಸುತ್ತದೆ. ಚಳ್ಳಕೆರೆ ಬಸ್ಸು ಬಂದಾಗ ಕಂಡಕ್ಟರು “ಹತ್ತೀರಾ ಸಾರ್?” ಎನ್ನುತ್ತಾರೆ. ಒಂದು ದಿನ ಹತ್ತುತ್ತೇನೆ.