ಫ್ಲಾನನ್ ದ್ವೀಪದ ದೀಪಸ್ತಂಭ

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿಕೊಂಡು ಫ್ಲಾನನ್ ದ್ವೀಪಗಳಿವೆ. ಇವುಗಳಲ್ಲಿ ದೊಡ್ಡದು ಐಲನ್ ಮೋರ್. ಜನವಸತಿ ಇಲ್ಲದ ಈ ಗುಡ್ಡಕ್ಕೆ ಹಿಂದೆ ಲೂಯಿಸ್‌ನ ಕುರಿಗಾಹಿಗಳು ಕುರಿಗಳನ್ನು ಮೇಯಲು ತಂದು ಬಿಡುತ್ತಿದ್ದರು. ಇಲ್ಲೊಂದು ದೀಪಸ್ತಂಭ ಕಟ್ಟುವ ಕೆಲಸ 1895ರಲ್ಲಿ ಶುರುವಾಯಿತು. ವಿನ್ಯಾಸ ಡೇವಿಡ್ ಅಲನ್ ಸ್ಟೀವನ್ಸನ್ ಅವರದು. ಸಾಮಗ್ರಿಯನ್ನು ದೋಣಿಗಳಿಂದ ನೇರವಾಗಿ 45 ಮೀಟರ್ ಎತ್ತರದ ಕಡಿದಾದ ಬಂಡೆಯ ಮೇಲಕ್ಕೆ ಎಳೆದುಕೊಳ್ಳಬೇಕಿತ್ತು. 1899ರ ಡಿಸೆಂಬರ್ 7ರಂದು ದೀಪ ಬೆಳಗಿತು.

ಗೋಪುರದ ಎತ್ತರ ಬರೀ 23 ಮೀಟರ್. ಸ್ಕೆರಿವೋರ್ ಎಂಬ ತಗ್ಗು ಬಂಡೆಯ ಮೇಲೆ ಇದಕ್ಕೂ ಮೊದಲು 48 ಮೀಟರಿನ ಗೋಪುರವನ್ನೇ ಎಬ್ಬಿಸಬೇಕಾಗಿತ್ತು. ಐಲನ್ ಮೋರ್‌ನಲ್ಲಿ ಆ ಶ್ರಮವನ್ನು ಗುಡ್ಡವೇ ಉಳಿಸಿತು. ದೀಪ ಸಮುದ್ರಮಟ್ಟದಿಂದ 101 ಮೀಟರ್ ಮೇಲಿದೆ. ಭೂಮಿಯ ಮೈ ಬಾಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರದ ಹಡಗಿಗೆ ಕಾಣುತ್ತದೆ. 101 ಮೀಟರ್ ಎತ್ತರದಿಂದ ದಿಗಂತ ಸುಮಾರು 36 ಕಿಲೋಮೀಟರ್ ಆಚೆಗಿರುತ್ತದೆ.

ಒಂದು ವರ್ಷ ತುಂಬುತ್ತಿದ್ದಂತೆ ಅಲ್ಲಿನ ಮೂವರು ದೀಪಪಾಲಕರು ಕಾಣೆಯಾದರು: ಜೇಮ್ಸ್ ಡ್ಯುಕಾಟ್, ಥಾಮಸ್ ಮಾರ್ಷಲ್, ಡೊನಾಲ್ಡ್ ಮ್ಯಾಕ್‌ಆರ್ಥರ್. 1900ರ ಡಿಸೆಂಬರ್ 15ರ ರಾತ್ರಿ ಆ ದಾರಿಯಲ್ಲಿ ಸಾಗಿದ ಆರ್ಕ್ಟರ್ ಹಡಗಿಗೆ ದೀಪ ಕಾಣಲಿಲ್ಲ. ಹವೆ ಕೆಟ್ಟಿದ್ದರಿಂದ ಬದಲಿ ಪಾಲಕನನ್ನು ಕರೆತರುವ ಹೆಸ್ಪರಸ್ ಹಡಗು ಬಂದದ್ದು 26ರಂದು. ಒಲೆ ಆರಿತ್ತು, ಗಡಿಯಾರ ನಿಂತಿತ್ತು. ದೀಪಕ್ಕೆ ಮಾತ್ರ ಎಣ್ಣೆ ತುಂಬಿ ಸಂಜೆಗೆ ಸಿದ್ಧಮಾಡಿ ಇಡಲಾಗಿತ್ತು. ಸ್ಲೇಟಿನಲ್ಲಿ ಕೊನೆಯ ದಾಖಲೆ 15ರ ಬೆಳಗಿನ 9 ಗಂಟೆಯದು. ಅಂದರೆ ಬೆಳಗಿನ ಕೆಲಸ ಮುಗಿದ ಮೇಲೆ, ಕತ್ತಲಾಗುವ ಮುನ್ನ ಅವಘಡ ನಡೆದಿರಬೇಕು.

ಉರುಳಿದ ಕುರ್ಚಿ, ಮುಟ್ಟದ ಊಟದ ಕಥೆ ಹಬ್ಬಿದ್ದು ವಿಲ್ಫ್ರಿಡ್ ಗಿಬ್ಸನ್ 1912ರಲ್ಲಿ ಪ್ರಕಟಿಸಿದ ಕವಿತೆಯಿಂದ. ಅಡುಗೆಮನೆ ಓರಣವಾಗಿತ್ತು, ಪಾತ್ರೆಗಳು ತೊಳೆದಿದ್ದವು ಎಂಬುದು ಅಂದಿನ ವರದಿಗಳ ಮಾತು. ನಿಜವಾದ ಸಾಕ್ಷ್ಯ ಮನೆಯೊಳಗಲ್ಲ, ಪಶ್ಚಿಮದ ಇಳಿದಾಣದಲ್ಲಿತ್ತು. ತನಿಖೆಗೆ ಬಂದ ಮೇಲ್ವಿಚಾರಕ ರಾಬರ್ಟ್ ಮ್ಯೂರ್‌ಹೆಡ್ ಅಲ್ಲಿ ಕಂಡದ್ದು ಇವು: ಕಬ್ಬಿಣದ ಕಂಬಿಗಳು ಬಾಗಿದ್ದವು, ಸಮುದ್ರದಿಂದ ಸುಮಾರು 33 ಮೀಟರ್ ಮೇಲೆ ಬಂಡೆಯ ಸಂದಿನಲ್ಲಿಟ್ಟಿದ್ದ ಹಗ್ಗದ ಪೆಟ್ಟಿಗೆ ಕೊಚ್ಚಿಹೋಗಿತ್ತು, 60 ಮೀಟರಿಗೂ ಮೇಲೆ, ಬಂಡೆಯ ತುದಿಯಲ್ಲಿ ಹುಲ್ಲುಹಾಸೇ ಕಿತ್ತುಬಂದಿತ್ತು.

ಅಲೆ ಅಷ್ಟು ಮೇಲೇರುವುದು ನಂಬಲಾಗದ ಮಾತಲ್ಲ. ಗಾಳಿ ತಡೆಯಿಲ್ಲದೆ ನೂರಾರು ಕಿಲೋಮೀಟರ್ ಬೀಸಿದರೆ ಏಳುವ ಹೆದ್ದೆರೆಗಳಲ್ಲಿ ಅಪಾರ ಶಕ್ತಿ ತುಂಬಿರುತ್ತದೆ. ಅಂಥ ಅಲೆ ಬಂಡೆಗಳ ನಡುವಿನ ಇಕ್ಕಟ್ಟಾದ ಕಮರಿಗೆ ನುಗ್ಗಿದಾಗ ನೀರಿಗೆ ಪಕ್ಕಕ್ಕೆ ಹರಡಲು ಜಾಗವಿಲ್ಲ. ಅದು ಮೇಲಕ್ಕೇ ಚಿಮ್ಮುತ್ತದೆ. ಪಶ್ಚಿಮದ ಇಳಿದಾಣದ ಪಕ್ಕದಲ್ಲಿ ಇಂಥದೇ ಕಮರಿಯಿದೆ. ಪೆಟ್ಟಿಗೆಯನ್ನು ಭದ್ರಪಡಿಸಲು ಹೋದವರ ತಲೆಗಿಂತ ಮೇಲೇರಿದ ನೀರು ಇಳಿಯುವಾಗ ಅವರನ್ನು ಕೊಚ್ಚಿಕೊಂಡು ಹೋಗಿರಬೇಕೆಂದು ಮ್ಯೂರ್‌ಹೆಡ್ ಬರೆದರು. ಡ್ಯುಕಾಟ್, ಮಾರ್ಷಲ್ ಇಬ್ಬರೂ ಮಳೆಯಂಗಿ, ಬೂಟು ತೊಟ್ಟು ಹೋಗಿದ್ದರು. ಮ್ಯಾಕ್‌ಆರ್ಥರ್ ಅವರ ಹೊರಗಿನ ಅಂಗಿ ಮನೆಯಲ್ಲೇ ಉಳಿದಿತ್ತು. ಜೊತೆಗಾರರು ಅಪಾಯದಲ್ಲಿರುವುದನ್ನು ಕಂಡು ಅವರು ಉಟ್ಟ ಬಟ್ಟೆಯಲ್ಲೇ ಓಡಿರಬಹುದು. ಶವಗಳು ಸಿಗದ ಕಾರಣ ಇದು ಊಹೆಯಾಗಿಯೇ ಉಳಿದರೂ, ಸಾಕ್ಷ್ಯಗಳಿಗೆ ಇದರಷ್ಟು ಹೊಂದುವ ವಿವರಣೆ ಬೇರೊಂದಿಲ್ಲ.

ಆಗ ಪಾಲಕರಿಗೆ ದಡದೊಂದಿಗೆ ನೇರವಾಗಿ ಮಾತಾಡುವ ಸಾಧನವಿರಲಿಲ್ಲ. 1925ರ ಹೊತ್ತಿಗೆ ಇಲ್ಲಿಗೆ ತಂತಿರಹಿತ ಸಂಪರ್ಕ ಬಂತು. 1971ರ ಸೆಪ್ಟೆಂಬರ್ 28ರಂದು ದೀಪ ಸ್ವಯಂಚಾಲಿತವಾಗಿ ಪಾಲಕರು ದ್ವೀಪ ಬಿಟ್ಟರು. ಈಗ ನಿರ್ವಹಣೆಗೆ ಹೆಲಿಕಾಪ್ಟರಿನಲ್ಲಿ ಹೋಗುತ್ತಾರೆ. ದೀಪ 30 ಸೆಕೆಂಡಿಗೊಮ್ಮೆ ಎರಡು ಬಾರಿ ಬಿಳಿಯಾಗಿ ಮಿನುಗುತ್ತದೆ.